49ರಲ್ಲಿ ಮೊದಲ ಸಲ ಮೇಕಪ್: ಕಲೆ ಆಮೇಲೆ, ಮೊದಲು ಹುಬ್ಬು

ಪ್ರಶ್ನೆ: ಮೇಡಂ, ನನಗೆ 49 ವರ್ಷ. ಗುಬ್ಬಿಯಲ್ಲಿ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ. ಇಷ್ಟು ವರ್ಷ ಸ್ನೋ, ಪೌಡರ್, ಕುಂಕುಮ ಬಿಟ್ಟರೆ ಮುಖಕ್ಕೆ ಏನೂ ಹಚ್ಚಿದವಳಲ್ಲ. ಮನೆಯಲ್ಲಿ ಮದುವೆ ಮುಂಜಿ ಏನೂ ಇಲ್ಲ, ಸುಮ್ನೆ ಆಸೆ ಆಗಿದೆ. ಮಗಳು ಬೆಂಗಳೂರಿನಿಂದ ಫೌಂಡೇಶನ್, ಕಾಂಪ್ಯಾಕ್ಟ್, ಲಿಪ್‌ಸ್ಟಿಕ್ ತಂದುಕೊಟ್ಟಳು. ಹಚ್ಚಿಕೊಂಡರೆ ಮುಖ ಬೂದಿ ಬಣ್ಣಕ್ಕೆ ತಿರುಗಿತು, ಕಣ್ಣಿನ ಕೆಳಗಿನ ಗೆರೆಗಳೆಲ್ಲ ಎದ್ದು ಕಂಡವು. ತೊಳೆದುಬಿಟ್ಟೆ. ಎರಡೂ ಕೆನ್ನೆ ಮೇಲೆ ಬಂಗು ಇದೆ. ಓದುವುದಕ್ಕೆ ಕನ್ನಡಕ ಬಂದಿದೆ. ಎಲ್ಲಿಂದ ಶುರು ಮಾಡಲಿ? ಈ ವಯಸ್ಸಿನಲ್ಲಿ ಶುರು ಮಾಡಿದರೆ ಜನ ನಗುವುದಿಲ್ಲವೇ?

ಉತ್ತರ: ಆ ಮೂರರಲ್ಲಿ ಲಿಪ್‌ಸ್ಟಿಕ್ ಇಟ್ಟುಕೊಳ್ಳಿ. ಫೌಂಡೇಶನ್, ಕಾಂಪ್ಯಾಕ್ಟ್ ಸದ್ಯಕ್ಕೆ ಮಗಳಿಗೇ ವಾಪಸ್ ಕೊಡಿ. ಅವಳಿಗೆ ಬೇಜಾರಾಗುತ್ತದೆ ಅನ್ನಿಸಿದರೆ ಬೀರುವಿನಲ್ಲಿ ಇಟ್ಟುಬಿಡಿ. ನಿಮ್ಮ ಮುಖದಲ್ಲಿ ದೋಷ ಏನೂ ಇಲ್ಲ. ಇಪ್ಪತ್ತೈದರ ಚರ್ಮಕ್ಕೆ ಹೊಂದುವ ಸಾಮಾನನ್ನು ಇಪ್ಪತ್ತೈದರವರು ಹಚ್ಚುವ ಕ್ರಮದಲ್ಲೇ ಹಚ್ಚಿದ್ದೀರಿ, ಅಷ್ಟೇ.

ನನ್ನ ಪಾರ್ಲರ್ ಇರುವುದು ತುಮಕೂರಿನಲ್ಲಿ. ನಲವತ್ತೈದು ದಾಟಿದವರು ಮೊದಲ ಸಲ ಬಂದು ಕುರ್ಚಿಯಲ್ಲಿ ಕೂತರೆ ಹೆಚ್ಚಿನವರ ಮಾತು ಒಂದೇ: "ಈ ಕಲೆ ಒಂದು ಮುಚ್ಚಿಬಿಡಿ ಮೇಡಂ, ಮಿಕ್ಕಿದ್ದೇನೂ ಬೇಡ." ನಾನು ಮಾಡುವುದು ಉಲ್ಟಾ. ಕಲೆಯನ್ನು ಹಾಗೇ ಬಿಟ್ಟು ಹುಬ್ಬಿಗೆ ಕೈ ಹಾಕುತ್ತೇನೆ. ಅದಕ್ಕೆ ಕಾರಣ ಇದೆ. ವಯಸ್ಸಾಗುತ್ತಾ ಹುಬ್ಬು ತುದಿಯಲ್ಲಿ ತೆಳುವಾಗುತ್ತದೆ, ನಡುನಡುವೆ ನರೆ ಸೇರುತ್ತದೆ. ರೆಪ್ಪೆಗೂದಲು ಕಡಿಮೆಯಾಗುತ್ತದೆ. ತುಟಿಯ ಕೆಂಪು ಇಳಿದು ಅಂಚು ಮಸುಕಾಗುತ್ತದೆ. ಮೊದಲು ಎದ್ದು ಕಾಣುತ್ತಿದ್ದ ಹುಬ್ಬು, ಕಣ್ಣು, ತುಟಿ ಮೂರೂ ಈಗ ಚರ್ಮದ ಬಣ್ಣದಲ್ಲೇ ಬೆರೆತುಹೋಗುತ್ತವೆ. ಚೆನ್ನಾಗಿ ನಿದ್ದೆ ಮಾಡಿ ಬಂದ ದಿನವೂ "ಯಾಕ್ರೀ, ಹುಷಾರಿಲ್ವಾ?" ಅಂತ ಕೇಳುತ್ತಾರಲ್ಲ, ಅದು ಇದರಿಂದ. ಸುಕ್ಕಿನ ಪಾಲು ನೀವು ಅಂದುಕೊಂಡಷ್ಟು ಇಲ್ಲ. ಇಂಥ ಮುಖದ ತುಂಬ ಒಂದೇ ಬಣ್ಣದ ಫೌಂಡೇಶನ್ ಬಳಿದರೆ ಉಳಿದಿರುವ ಚೂರು ಬಣ್ಣವೂ ಅದರ ಅಡಿಗೆ ಹೋಗುತ್ತದೆ.

ಆದ್ದರಿಂದ ಮೊದಲು ಹುಬ್ಬು, ಆಮೇಲೆ ಕಣ್ಣಿನ ಅಂಚು, ಆಮೇಲೆ ತುಟಿ. ಕೆನ್ನೆ ಹಣೆಗೆ ಬಣ್ಣ ಬೇಕೋ ಬೇಡವೋ ಅನ್ನುವುದನ್ನು ಕೊನೆಗೆ ನೋಡೋಣ. ಬಹಳ ಜನಕ್ಕೆ ಬೇಕಾಗುವುದೇ ಇಲ್ಲ.

ಮುಖ ಬೂದಿಯಾದದ್ದು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಅದೇ ಆಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಆ ಹೊತ್ತಿಗೆ ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿಯುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಸುಮಾರು 30%ರಷ್ಟು ಕಡಿಮೆಯಾಗುತ್ತದೆ. ಎಣ್ಣೆಯ ಜಿಡ್ಡೂ ಇಳಿಯುತ್ತದೆ. ಅದರ ಮೇಲೆ ನಮ್ಮದು ಬಯಲುಸೀಮೆ. ದೀಪಾವಳಿ ಕಳೆದರೆ ಯುಗಾದಿವರೆಗೂ ಒಣಗಾಳಿ. ಹೆಚ್ಚಿನ ಮನೆಗಳಿಗೆ ಬರುವುದು ಬೋರ್‌ವೆಲ್‌ನ ಗಡಸು ನೀರು. ಗಡಸು ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಪೂರ್ತಿ ಬಿಟ್ಟೂ ಹೋಗುವುದಿಲ್ಲ. ಅದರ ತೆಳು ಪದರ ಮುಖದ ಮೇಲೇ ನಿಂತು ಚರ್ಮ ಬಿಗಿಯುತ್ತದೆ, ಬಿಳಿ ಹೊಟ್ಟು ಏಳುತ್ತದೆ. ಇದರ ಮೇಲೆ ಕಾಂಪ್ಯಾಕ್ಟ್ ಒತ್ತಿದರೆ ಪೌಡರ್ ಇದ್ದಬದ್ದ ತೇವವನ್ನೂ ಹೀರಿಕೊಂಡು ಗೆರೆಗಳ ಒಳಗೆ ಹೋಗಿ ಕೂರುತ್ತದೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಹೊಡೆದ ಹಾಗೆ, ಬಿರುಕೇ ಎದ್ದು ಕಾಣುತ್ತದೆ.

ಇನ್ನೊಂದು ಕಾರಣ ಶೇಡ್. ಫೌಂಡೇಶನ್ ಒಳಗೆ ಟಿಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಇರುತ್ತದೆ. ಶೇಡ್ ತಿಳಿಯಾದಷ್ಟೂ ಅದು ಜಾಸ್ತಿ. ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ, ಕಪ್ಪು ಬಣ್ಣದ ನಮ್ಮಂಥವರು ಒಂದು ಮೆಟ್ಟಿಲು ತಿಳಿಯ ಶೇಡ್ ಹಚ್ಚಿದರೆ ಬೆಳ್ಳಗಂತೂ ಆಗುವುದಿಲ್ಲ, ಬೂದಿಯಾಗುತ್ತೇವೆ. ಆದರೂ ಅಂಗಡಿಯವರು ತೆಗೆದುಕೊಡುವುದು ಆ ಒಂದು ಮೆಟ್ಟಿಲು ಮೇಲಿನದನ್ನೇ. ಕೇಳುವವರಿಗೂ ಅದೇ ಇಷ್ಟ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಗೀಳು ಮಾತ್ರ ಇನ್ನೂ ಹಾಗೇ ಇದೆ.

ಮೊದಲ ಕೆಲವು ವಾರ ಬಣ್ಣದ ಡಬ್ಬಿ ಮುಟ್ಟಬೇಡಿ. ಮುಖಕ್ಕೆ ಮೈ ಸೋಪು ನಿಲ್ಲಿಸಿ, ನೊರೆ ಕಡಿಮೆ ಬರುವ ಮೆತ್ತನೆಯ ಫೇಸ್‌ವಾಶ್ ತೆಗೆದುಕೊಳ್ಳಿ. ಕಡಲೆಹಿಟ್ಟು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಣ ಚರ್ಮವನ್ನು ಅದು ಇನ್ನಷ್ಟು ಒಣಗಿಸುತ್ತದೆ. ಮುಖ ತೊಳೆದು ಟವೆಲ್‌ನಿಂದ ಒತ್ತಿದ ಕೂಡಲೇ, ಪಸೆ ಇರುವಾಗಲೇ, ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ. ಬೆಳಗ್ಗೆ ಅದರ ಮೇಲೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಇದ್ದರೆ ಸಾಕು. ಅದು ಸುಡುವ ಯುವಿಬಿ ಕಿರಣದ ಸುಮಾರು 97%ರಷ್ಟನ್ನು ತಡೆಯುತ್ತದೆ, 50 ಅಂದರೆ 98%. ಆ ಒಂದಕ್ಕಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ. ಹಚ್ಚುವ ಅಳತೆ ಮುಖ್ಯ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ, ಅಷ್ಟೂ ಮುಖಕ್ಕೆ ಮತ್ತು ಕತ್ತಿಗೆ ಬೇಕು. ಕಡಲೆಕಾಳಿನಷ್ಟು ತೆಗೆದುಕೊಂಡು ಹಚ್ಚಿದರೆ ಹಚ್ಚಿಯೂ ಪ್ರಯೋಜನ ಇಲ್ಲ. "ಆಫೀಸಿನ ಒಳಗೇ ಇರ್ತೀನಲ್ಲ" ಅನ್ನಬೇಡಿ, ಕಿಟಕಿ ಗಾಜಿನಲ್ಲೂ ಯುವಿಎ ಕಿರಣ ಬರುತ್ತದೆ.

ಇನ್ನು ಬಂಗು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಜನ ಮುಖ ಕೆಡಿಸಿಕೊಳ್ಳುವುದು ಇಲ್ಲೇ. ಬಸುರಿ ಬಾಣಂತನ, ಹಾರ್ಮೋನ್ ಮಾತ್ರೆ, ಮನೆತನದಿಂದ ಬಂದ ಗುಣ, ಬಿಸಿಲು, ಎಲ್ಲ ಸೇರಿ ಬರುವಂಥದ್ದು ಇದು. ಯುವಿ ಕಿರಣದ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಇದನ್ನು ಕಪ್ಪು ಮಾಡುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿದ, ಕಂದು ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬಂಗು ಇರುವವರಿಗೆ ನಾನು ಫೌಂಡೇಶನ್ ಬದಲು ಇದನ್ನೇ ಹೇಳುವುದು. ಬಿಸಿಲಿಗೂ ಆಯಿತು, ಕಲೆ ಅರ್ಧಕ್ಕರ್ಧ ಮಸುಕಾದ ಹಾಗೂ ಆಯಿತು. ಪೂರ್ತಿ ಮುಚ್ಚುವ ಹಟ ಬೇಡ. ಪೂರ್ತಿ ಮುಚ್ಚಲು ಹೊರಟರೆ ಮೂರು ಪದರ ಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಆ ಮೂರೂ ಪದರ ಬೆವರಿನಲ್ಲಿ ಇಳಿದಿರುತ್ತವೆ. ನಿಮ್ಮ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮುಖ ಭಗ್ ಅಂತ ಬಿಸಿಯಾಗಿ ಬೆವರುವುದೂ ಇರುತ್ತದೆ ಅಲ್ವಾ?

ಬಂಗಿಗೆ ಔಷಧ ಬೇಕಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ "ಬಂಗಿಗೆ ಒಂದು ಟ್ಯೂಬ್ ಕೊಡಿ" ಅಂತ ಕೇಳಿ ತರಬೇಡಿ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅನ್ನುವ ಸ್ಟಿರಾಯ್ಡ್ ಇರುತ್ತವೆ. ಕೆಲವೇ ದಿನದಲ್ಲಿ ಮುಖ ತಿಳಿಯಾಗುತ್ತದೆ, ಎಲ್ಲರೂ ಹೊಗಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟ ಕೂಡಲೇ ಉರಿ, ಬಂಗು ಮೊದಲಿಗಿಂತ ಕಪ್ಪು. ಬಿಡುವುದಕ್ಕೂ ಆಗದೆ ಹಚ್ಚುವುದಕ್ಕೂ ಆಗದೆ ಬಂದು ಕೂರುವವರನ್ನು ನೋಡಿದ್ದೇನೆ. ಅವರ ಮುಖಕ್ಕೆ ನಾನು ಕೈ ಹಚ್ಚುವುದಿಲ್ಲ, ನೇರ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಅವನ್ನು ಎಚ್ ಶೆಡ್ಯೂಲಿಗೆ ಸೇರಿಸಿದೆ. ಕೌಂಟರಿನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಸಾದಾ ಕ್ರೀಮು ಅಂದುಕೊಳ್ಳಬೇಡಿ. ತಯಾರಕರ ಹೆಸರೇ ಇಲ್ಲದ ಬೆಳ್ಳಗಾಗುವ ಕ್ರೀಮಿನ ಡಬ್ಬಿಗಳಲ್ಲಿ ಪಾದರಸವೂ ಇರಬಹುದು. ಅದು ಕಿಡ್ನಿಗೆ ಪೆಟ್ಟು. ನಮ್ಮ ಕಾನೂನಿನ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಸೇರಿಸುವಂತೆಯೇ ಇಲ್ಲ.

ಇನ್ನೊಂದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಪ್ಪು ಇರುವುದು ಕೆನ್ನೆಯ ಮೇಲಷ್ಟೇ ಆದರೆ ಬಂಗು ಇರಬಹುದು. ಹಣೆಯ ಕೂದಲಂಚು, ಕಿವಿಯ ಮುಂಭಾಗ, ಕತ್ತಿಗೂ ಹರಡಿದ್ದರೆ ಹೇರ್ ಡೈ ಅಲರ್ಜಿ ಇರಬಹುದು, ಡಾಕ್ಟರಿಗೆ ಡೈ ವಿಷಯ ಮರೆಯದೆ ಹೇಳಿ. ಹಣೆಯಲ್ಲಿ ಸ್ಟಿಕ್ಕರ್ ಇಡುವ ಜಾಗ ಬೆಳ್ಳಗಾಗುತ್ತಿದ್ದರೆ ಅದು ಅಂಟಿನ ರಾಸಾಯನಿಕದಿಂದ ಇರಬಹುದು, ಕೂಡಲೇ ಸ್ಟಿಕ್ಕರ್ ನಿಲ್ಲಿಸಿ.

ಈಗ ಹುಬ್ಬಿಗೆ ಬರೋಣ. ಥ್ರೆಡಿಂಗ್ ಮಾಡಿಸುವ ಅಭ್ಯಾಸ ಇದ್ದರೆ "ತೆಳ್ಳಗೆ ಮಾಡಿ" ಅನ್ನುವುದನ್ನು ಇವತ್ತಿಗೇ ಬಿಟ್ಟುಬಿಡಿ. ಕೆಳಗಿನ ಪುಡಿ ಕೂದಲು ತೆಗೆಸಿದರೆ ಸಾಕು. ತಂದುಕೊಳ್ಳಬೇಕಾದದ್ದು ಗಾಢ ಕಂದು ಬಣ್ಣದ ಪೆನ್ಸಿಲ್. ತಲೆಗೂದಲು ಕಪ್ಪಾಗಿದ್ದರೂ ಅಚ್ಚ ಕಪ್ಪು ಬೇಡ, ಇದ್ದಿಲಲ್ಲಿ ಬರೆದಂತೆ ಕಾಣುತ್ತದೆ. ಪೆನ್ಸಿಲನ್ನು ತುದಿಯ ಹತ್ತಿರ ಹಿಡಿಯಬೇಡಿ, ಹಿಂದಕ್ಕೆ ಹಿಡಿಯಿರಿ, ಆಗ ಕೈ ಹಗುರವಾಗಿರುತ್ತದೆ. ಹುಬ್ಬಿನ ನಡುಭಾಗದಿಂದ ಶುರು ಮಾಡಿ ಕಿವಿಯ ಕಡೆಗೆ ಹೋಗಿ. ಗೆರೆ ಎಳೆಯಬೇಡಿ. ಕೂದಲು ಬೆಳೆದಿರುವ ದಿಕ್ಕಿನಲ್ಲೇ ಪುಟ್ಟ ಪುಟ್ಟ ಗೀರು, ಕೂದಲು ಇಲ್ಲದ ಕಡೆ ಮಾತ್ರ. ಮೂಗಿನ ಕಡೆಯ ತುದಿಯನ್ನು ಮುಟ್ಟಲೇಬೇಡಿ. ಅಲ್ಲಿ ತುಂಬಿದರೆ ಸಿಟ್ಟು ಬಂದವರ ಮುಖ ಆಗುತ್ತದೆ. ಆಮೇಲೆ ಪೆನ್ಸಿಲ್ಲಿನ ಇನ್ನೊಂದು ತುದಿಯಲ್ಲಿರುವ ಬ್ರಷ್‌ನಿಂದ ಎರಡು ಸಲ ಮೇಲಕ್ಕೆ ಬಾಚಿ. ಒಂದು ಹುಬ್ಬು ಮುಗಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಕನ್ನಡಿ ನೋಡಿ. ಎರಡೂ ಬದಿಯ ವ್ಯತ್ಯಾಸ ನೋಡಿದರೆ ನಾನು ಇಷ್ಟು ಹೇಳಿದ್ದು ಯಾಕೆ ಅಂತ ಗೊತ್ತಾಗುತ್ತದೆ.

ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಪೂರ್ತಿ ಉದುರಿದ್ದರೆ, ಜೊತೆಗೆ ಸುಸ್ತು, ತೂಕ ಏರುವುದು ಇದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.

ಚಾಳೀಸಿನ ಕಷ್ಟ ಬೇರೆ. ಕನ್ನಡಕ ತೆಗೆದರೆ ಹುಬ್ಬೇ ಕಾಣದು, ಹಾಕಿದರೆ ಪೆನ್ಸಿಲ್ ಒಳಗೆ ಹೋಗದು. ದೊಡ್ಡದಾಗಿ ತೋರಿಸುವ ಮೇಜಿನ ಕನ್ನಡಿ ಒಂದು ತನ್ನಿ. ಐದು ಪಟ್ಟು ತೋರಿಸುವಂಥದ್ದು ಸಾಕು, ಹತ್ತು ಪಟ್ಟಿನದು ಬೇಡ, ಒಂದೊಂದು ರಂಧ್ರವನ್ನೂ ನೋಡಿ ಸುಮ್ನೆ ಕೊರಗುತ್ತೀರಿ. ಅದನ್ನು ಕಿಟಕಿಗೆ ಎದುರಾಗಿ ಇಟ್ಟು ಹಗಲು ಬೆಳಕಿನಲ್ಲಿ ಹಚ್ಚಿ. ಮುಗಿದ ಮೇಲೆ ಕನ್ನಡಕ ಹಾಕಿ, ಗೋಡೆಯ ಕನ್ನಡಿಯಲ್ಲಿ ಎರಡು ಮಾರು ದೂರ ನಿಂತು ನೋಡಿ. ಕೌಂಟರಿನ ಆಚೆ ನಿಂತವರು ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ ತಾನೇ?

ಕಾಡಿಗೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೆಳಗಣ್ಣಿನ ಒಳಗೆ ಹಚ್ಚಿ ಅಭ್ಯಾಸ. ಈಗ ಅದನ್ನು ಮೇಲಕ್ಕೆ ತನ್ನಿ. ಕೆಳಗೆ ಹಚ್ಚಿದ್ದು ಮಧ್ಯಾಹ್ನದೊಳಗೆ ಇಳಿದು ಕಣ್ಣಿನ ಕೆಳಗಿನ ಕಪ್ಪಿಗೆ ಇನ್ನಷ್ಟು ಕಪ್ಪು ಸೇರಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕಣ್ಣು ಒಣಗುವುದೂ ಜಾಸ್ತಿ, ಒಳಗೆ ಹಚ್ಚಿದರೆ ಉರಿಯುತ್ತದೆ. ಮೇಲಿನ ರೆಪ್ಪೆಗೂದಲ ಬುಡದಲ್ಲಿ, ಕೂದಲುಗಳ ನಡುವೆ ಚುಕ್ಕೆ ಚುಕ್ಕೆಯಾಗಿ ಒತ್ತಿ, ಬೆರಳಿನಿಂದ ಸ್ವಲ್ಪ ಸವರಿ. ಗೆರೆ ಅಂಕುಡೊಂಕಾದರೂ ಸವರಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪಿಗಿಂತ ಗಾಢ ಕಂದು ಮೆತ್ತಗೆ ಕಾಣುತ್ತದೆ. ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಸುರ್ಮಾ ಬೇಡವೇ ಬೇಡ, ಅದರಲ್ಲಿ ಸೀಸ ಇರುವ ಭಯ ಇದೆ. ಐಶಾಡೋ, ಕೃತಕ ರೆಪ್ಪೆ, ಕೆನ್ನೆಗೆ ಕಾಂಟೂರ್, ಇವುಗಳ ಸುದ್ದಿಗೆ ಈಗ ಹೋಗಬೇಡಿ.

ತುಟಿಯದು ನನಗೆ ಇಷ್ಟದ ವಿಷಯ. ಮೊದಲ ಸಲದವರು ಅಂಜಿಕೊಂಡು ತಿಳಿ ಗುಲಾಬಿ, ನ್ಯೂಡ್ ಅನ್ನುವ ಬಣ್ಣ ತೆಗೆದುಕೊಳ್ಳುತ್ತಾರೆ. ನಮ್ಮ ಚರ್ಮಕ್ಕೆ ಅವೇ ಹೆಚ್ಚು ಕೃತಕವಾಗಿ ಕಾಣುವುದು, ತುಟಿ ಸತ್ತಂತಾಗುತ್ತದೆ. ನಿಮ್ಮ ತುಟಿಯ ಸ್ವಂತ ಬಣ್ಣಕ್ಕಿಂತ ಎರಡು ಮೆಟ್ಟಿಲು ಗಾಢ ಇರಲಿ: ಇಟ್ಟಿಗೆ ಕೆಂಪು, ದಾಳಿಂಬೆ, ತಿಳಿ ಮರೂನ್, ನೇರಳೆ ಕಡೆಗೆ ವಾಲುವ ಕೆಂಪು. ಮಗಳು ತಂದದ್ದು ಇವುಗಳ ಹತ್ತಿರ ಇದ್ದರೆ ಅದೇ ಸಾಕು. ಹೊಳಪಿಲ್ಲದ ಮ್ಯಾಟ್ ಅನ್ನುವುದು ಒಣ ತುಟಿಯಲ್ಲಿ ಬಿರಿಯುತ್ತದೆ, ಕ್ರೀಮ್ ಅಥವಾ ಸ್ಯಾಟಿನ್ ಕೇಳಿ. ಮೊದಲ ದಿನಗಳಲ್ಲಿ ಕಡ್ಡಿಯಿಂದ ನೇರ ಹಚ್ಚಬೇಡಿ. ಉಂಗುರದ ಬೆರಳಿಗೆ ತಾಗಿಸಿಕೊಂಡು ತುಟಿಯ ನಡುವೆ ಒತ್ತಿ, ಅಂಚಿನ ಕಡೆಗೆ ಹರಡಿ. ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲಿನ ಕೆಂಪು ಇರುತ್ತದಲ್ಲ, ಅಷ್ಟೇ ಬರುತ್ತದೆ. ಧೈರ್ಯ ಬಂದ ಮೇಲೆ ಕಡ್ಡಿಯಿಂದ ಹಚ್ಚಿ. ಬಣ್ಣ ತುಟಿಯ ಮೇಲಿನ ಸಣ್ಣ ಗೆರೆಗಳಿಗೆ ಹರಿಯುತ್ತಿದ್ದರೆ ಅದೇ ಬಣ್ಣದ ಲಿಪ್ ಲೈನರ್‌ನಿಂದ ಮೊದಲು ಅಂಚು ಕಟ್ಟಿ. ಬೆರಳಿನಲ್ಲಿ ಉಳಿದದ್ದನ್ನು ಕೆನ್ನೆ ಎಲುಬಿನ ಮೇಲೆ ಸವರಿ, ಬೇರೆ ಬ್ಲಶ್ ಬೇಡ.

ಮನೆಯಲ್ಲಿ ಕಟ್ಟುನಿಟ್ಟಾದ ಸಸ್ಯಾಹಾರ ಇದ್ದರೆ ಒಂದು ಮಾತು. ಕೆಲವು ಕೆಂಪು ಲಿಪ್‌ಸ್ಟಿಕ್‌ಗಳಲ್ಲಿ ಕಾರ್ಮೈನ್ ಅನ್ನುವ ಬಣ್ಣ ಇರುತ್ತದೆ, ಅದನ್ನು ತೆಗೆಯುವುದು ಒಂದು ಹುಳದಿಂದ. ಪೆಟ್ಟಿಗೆ ಮೇಲೆ ಸಿ.ಐ. 75470 ಅಂತ ಬರೆದಿದ್ದರೆ ಅದೇ. ಹಸಿರು ಚುಕ್ಕೆ ಇರುವುದನ್ನು ನೋಡಿ ತೆಗೆದುಕೊಳ್ಳಿ.

ಕೊಳ್ಳುವುದಕ್ಕೆ ತುಮಕೂರಿಗೆ ಬಂದರೆ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಇದೆಲ್ಲ ಸಿಗುತ್ತದೆ. ಹಗಲಲ್ಲೇ ಬನ್ನಿ. ಟಿಂಟೆಡ್ ಸನ್‌ಸ್ಕ್ರೀನನ್ನು ಅಂಗೈ ಹಿಂದೆ ಹಚ್ಚಿ ನೋಡಬೇಡಿ, ದವಡೆಯ ಅಂಚಿಗೆ ಹಚ್ಚಿ ಅಂಗಡಿಯಿಂದ ಆಚೆ ಬಂದು ಬಿಸಿಲಿನಲ್ಲಿ ಫೋನಿನ ಕ್ಯಾಮೆರಾ ತೆರೆದು ನೋಡಿ. ಕೆಲವು ಬಣ್ಣ ಹತ್ತು ನಿಮಿಷ ಕಳೆದ ಮೇಲೆ ಗಾಢವಾಗುತ್ತದೆ, ಅಷ್ಟು ಹೊತ್ತಿಗೆ ಒಂದು ಕಾಫಿ ಕುಡಿದು ಬನ್ನಿ. ಅಂಗಡಿಯವರು ಟೆಸ್ಟರ್ ಲಿಪ್‌ಸ್ಟಿಕ್ ಕೊಟ್ಟರೆ ತುಟಿಗೆ ಹಚ್ಚಬೇಡಿ, ಅದನ್ನು ಎಷ್ಟು ಜನ ಹಚ್ಚಿದ್ದಾರೋ. ಡಬ್ಬಿಯ ಮೇಲೆ ಬ್ಯಾಚ್ ನಂಬರ್, ತಯಾರಿಕೆ ಲೈಸೆನ್ಸ್ ನಂಬರ್, ಕೊನೆಯ ತಾರೀಖು ಮೂರೂ ಇರಬೇಕು. ಹೆಸರಾಂತ ಕಂಪನಿಯ ಹೆಸರಿದ್ದು ಕಾಲು ಬೆಲೆಗೆ ಕೊಡುತ್ತಿದ್ದರೆ ಅದು ನಕಲಿ ಅಂತಲೇ ತಿಳಿಯಿರಿ. ಹುಬ್ಬಿನ ಪೆನ್ಸಿಲ್, ಕಾಡಿಗೆ, ಟಿಂಟೆಡ್ ಸನ್‌ಸ್ಕ್ರೀನ್, ಇಷ್ಟಕ್ಕೆ ದುಬಾರಿಯವೇ ಬೇಕು ಅಂತೇನಿಲ್ಲ. ದುಡ್ಡು ಹಾಕುವುದಿದ್ದರೆ ಸನ್‌ಸ್ಕ್ರೀನಿಗೆ ಹಾಕಿ.

ಜನ ನಗುವುದಿಲ್ಲವೇ ಅಂತ ಕೇಳಿದ್ದೀರಿ. ನಗುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಈ ಕ್ರಮದಲ್ಲಿ ಹೋದರೆ ಅವರಿಗೆ ಅವಕಾಶ ಸಿಗುವುದು ಕಡಿಮೆ. ಮೊದಲು ಹುಬ್ಬು ಮಾತ್ರ ತುಂಬಿಕೊಂಡು ಹೋಗಿ. ಏನು ಬದಲಾಗಿದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ, "ಚೆನ್ನಾಗಿ ಕಾಣ್ತಿದೀರಲ್ಲ" ಅನ್ನುತ್ತಾರೆ. ಅದು ಹಳತಾದ ಮೇಲೆ ಕಣ್ಣಿನ ಅಂಚು. ಲಿಪ್‌ಸ್ಟಿಕ್ ಬರುವ ಹೊತ್ತಿಗೆ ಅವರ ಕಣ್ಣಿಗೂ ಅಭ್ಯಾಸ ಆಗಿರುತ್ತದೆ. ಲಿಪ್‌ಸ್ಟಿಕ್ ಮೊದಲ ದಿನ "ಏನ್ ಮೇಡಂ, ಇವತ್ತು ಸ್ಪೆಷಲ್ಲು?" ಅನ್ನುವ ಒಬ್ಬರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. "ಹೌದು, ಇವತ್ತು ಬುಧವಾರ" ಅಂದು ಪಾಸ್‌ಬುಕ್ ಎಂಟ್ರಿಗೆ ಹೋಗಿ. ವಿವರಣೆ ಕೊಟ್ಟರೆ ಮಾತು ಬೆಳೆಯುತ್ತದೆ. ಮಗಳು ತಂದಳು, ಡಾಕ್ಟರ್ ಹೇಳಿದರು, ಇಂಥ ನೆಪವೂ ಬೇಡ. ನೀವೇ ಬರೆದಿದ್ದೀರಲ್ಲ, ಸುಮ್ನೆ ಆಸೆ ಅಂತ. ನಲವತ್ತೊಂಬತ್ತು ವರ್ಷದವರ ಆಸೆಗೆ ಯಾರ ಸಹಿಯೂ ಬೇಕಿಲ್ಲ. ಮನೆಯಲ್ಲಿ ಅತ್ತೆ ಇದ್ದರೆ ಅವರ ತುಟಿಗೂ ಒಂದು ಸಲ ಹಚ್ಚಿ ತೋರಿಸಿ. ಬೈಯುತ್ತಾರೆ, ಆದರೆ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ರಾತ್ರಿ ಹಚ್ಚಿದ್ದನ್ನೆಲ್ಲ ತೆಗೆದೇ ಮಲಗಬೇಕು. ಅದಕ್ಕೆ ಬೇರೆ ಬಾಟಲಿ ಕೊಳ್ಳುವುದು ದಂಡ. ತಿಪಟೂರು ಕೊಬ್ಬರಿಯ ಜಿಲ್ಲೆಯಲ್ಲಿದ್ದೀರಿ, ಮನೆಯಲ್ಲಿ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ. ಹತ್ತಿಗೆ ಎರಡು ಹನಿ ಹಾಕಿ ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಡಿ, ಆಮೇಲೆ ಕೆಳಕ್ಕೆ ಒರೆಸಿ. ಉಜ್ಜಬೇಡಿ, ಕಣ್ಣಿನ ಸುತ್ತಲಿನ ಚರ್ಮ ತೀರಾ ತೆಳು. ತುಟಿಗೂ ಹಾಗೇ. ಆಮೇಲೆ ಫೇಸ್‌ವಾಶ್ ಹಾಕಿ ಎಣ್ಣೆ ಹೋಗುವಂತೆ ತೊಳೆಯಿರಿ. ಮೊಡವೆ ಏಳುವ ಮುಖವಾದರೆ ಕೆನ್ನೆಗೆ ಎಣ್ಣೆ ಬೇಡ, ಕಣ್ಣು ತುಟಿಗಷ್ಟೇ ಸಾಕು.

ಹೊಸದು ಏನೇ ತಂದರೂ ಮುಖಕ್ಕೆ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ತುರಿಕೆ, ಕೆಂಪು ಬರದಿದ್ದರೆ ಮುಖಕ್ಕೆ. ಬಳಸುತ್ತಾ ಹೋದ ಮೇಲೆ ಉರಿ ಬಂದರೆ ತೊಳೆದು ನಿಲ್ಲಿಸಿ, ಆದರೆ ಸಿಟ್ಟಿನಲ್ಲಿ ಡಬ್ಬಿ ಎಸೆಯಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ಅದನ್ನೂ, ಅದರ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿ. ಒಳಗೇನಿದೆ ಅನ್ನುವ ಪಟ್ಟಿ ಇರುವುದು ಪೆಟ್ಟಿಗೆಯ ಮೇಲೆಯೇ.